ಕರೆಂಟ್ ಕಡ್ಡಿ ನೋಡಿ ಫಿಲ್ಟರ್ ಕೊಳ್ಳಬೇಡಿ

ಸಂಪಾದಕರೇ,

ಕಲಬುರಗಿಯ ನಮ್ಮ ಬಡಾವಣೆಗೆ ಹೋದ ವಾರ ಫಿಲ್ಟರ್ ಮಾರುವವರು ಬಂದಿದ್ದರು. ಒಂದು ಗ್ಲಾಸಿನಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವರೇ ತಂದ ಬಾಟಲಿ ನೀರು. ಎರಡಕ್ಕೂ ಕರೆಂಟ್ ಕಡ್ಡಿ ಇಳಿಸಿದರು. ನೋಡುನೋಡುತ್ತಲೇ ನಮ್ಮ ನೀರು ಕೆಸರಿನ ಬಣ್ಣಕ್ಕೆ ತಿರುಗಿತು, ಅವರದು ತಿಳಿಯಾಗೇ ಇತ್ತು. 'ನೋಡ್ರಿ ಅಕ್ಕಾ, ಇಂಥಾ ಹೊಲಸು ಕುಡಿಲಿಕತ್ತೀರಿ' ಅಂದರು. ಪಕ್ಕದ ಮನೆಯವರು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟರು.

ಆ ಬಣ್ಣ ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು. ಲವಣ ಇರುವ ನೀರಲ್ಲಿ ಕರೆಂಟ್ ಸಲೀಸಾಗಿ ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ, ಲವಣ ತೆಗೆದ ನೀರಲ್ಲಿ ಅದು ಹರಿಯುವುದೇ ಕಷ್ಟ. ಅವರ ಬಾಟಲಿ ನೀರಿಗೇ ಚಿಟಿಕೆ ಉಪ್ಪು ಹಾಕಿ ಕಡ್ಡಿ ಇಳಿಸಲು ಹೇಳಿ, ಅದೂ ಕೆಂಪಾಗುತ್ತದೆ.

ಟಿಡಿಎಸ್ ಮೀಟರ್ ಕಥೆಯೂ ಅಷ್ಟೇ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಯಾವುದು ಎಷ್ಟಿದೆ ಅಂತ ಹೇಳಲ್ಲ. ಟಿಡಿಎಸ್ 400 ಇರುವ ನೀರಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. 'ನಮ್ಮ ಬೋರಿನ ನೀರು ಸಿಹಿ ಐತಿ' ಅಂದರೆ ಆಯಿತೇ?

ಸಿಹಿನೀರೋ ಸವಳೋ ಅನ್ನುವುದನ್ನು ನಾಲಿಗೆ ಹೇಳಬಹುದು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು, ಹಾಗಾಗಿ ಗಡಸು ನೀರು ಜಾಸ್ತಿ. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಯಲ್ಲ! ಕಿರಿಕಿರಿ ನಿಜ, ಆದರೆ ಗಡಸುತನ ಅಂಥ ಅಪಾಯವೇನಲ್ಲ. ಯಾದಗಿರಿ ಕಡೆಯ ಗ್ರಾನೈಟ್ ನೆಲದ ಫ್ಲೋರೈಡ್ ಅಪಾಯ. ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಂತೂ ಆರ್ಸೆನಿಕ್ ಅನ್ನುವ ವಿಷವೇ ಸಿಕ್ಕಿತ್ತು. ಬಚ್ಚಲು ಗುಂಡಿ, ತಿಪ್ಪೆ ಪಕ್ಕದ ಬಾವಿಯಾದರೆ ನೈಟ್ರೇಟ್ ಕೂಡ ನೋಡಿಸಬೇಕು. ಅದು ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಎಳೆ ಕೂಸುಗಳಿಗೆ ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಡಲೇಬಾರದು.

ಕಾಯಿಸಿದರೆ ಸರಿಹೋಗುತ್ತದೆ ಅನ್ನುವವರು ಇದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಇವುಗಳ ಪಾಲು ಹೆಚ್ಚುತ್ತದೆ.

ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಫಿಲ್ಟರ್. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ವಿಚಾರಿಸಿ. ಮೋಟರ್ ಐದು ಹತ್ತು ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ, ಟ್ಯಾಂಕಿನದು ಬೇಡ. ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ. ಸುಮ್ನೆ 'ಟೆಸ್ಟ್ ಮಾಡಿ' ಅಂದರೆ ಸಾಲದು, ಫ್ಲೋರೈಡ್, ನೈಟ್ರೇಟ್, ಗಡಸುತನ ಅಂತ ಹೆಸರು ಹೇಳಿ ಬರೆಸಿ. ಸುರಪುರದ ಕಡೆಯವರು ಆರ್ಸೆನಿಕ್ ಸೇರಿಸಿ.

ಬರೀ ಗಡಸುತನವಾದರೆ ಸಾಫ್ಟ್‌ನರ್ ಸಾಕು, ಆದರೆ ಅದರಿಂದ ಫ್ಲೋರೈಡ್ ಹೋಗಲ್ಲ, ನೀರಿಗೆ ಸೋಡಿಯಂ ಬೇರೆ ಸೇರುತ್ತದೆ, ಬಿಪಿ ಇರುವವರು ಡಾಕ್ಟರನ್ನು ಕೇಳಿ. ಯುವಿ ಲೈಟ್ ಕೊಲ್ಲುವುದು ರೋಗಾಣುಗಳನ್ನು ಮಾತ್ರ. ಫ್ಲೋರೈಡ್, ನೈಟ್ರೇಟ್ ಮಿತಿ ಮೀರಿದ್ದರೆ ಆರ್‌ಒ (ಒತ್ತಡದಲ್ಲಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಫಿಲ್ಟರ್) ಬೇಕು, ಅದೂ ಕುಡಿಯಲು, ಅಡುಗೆಗೆ ಅಷ್ಟೇ. ಅದು ಹೊರಬಿಡುವ ನೀರನ್ನು ಮಾತ್ರ ಬಾವಿಗೆ ಬಿಡಬೇಡಿ, ಬೇಡದ್ದೆಲ್ಲ ಅದರಲ್ಲೇ ಇರುತ್ತದೆ.

ನನ್ನ ಕೇಳಿದರೆ ಮಳೆ ನೀರೇ ಸುಲಭ. 100 ಚದರ ಮೀಟರ್ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 1000 ಲೀಟರ್. ಮೊದಲ ಮಳೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದು, ಕಾಯಿಸಿ ಕುಡಿಯಬಹುದು.

ಪಾಲಿಕೆ, ಪಂಚಾಯಿತಿಯವರಿಗೂ ಒಂದು ಮಾತು. ಸಾರ್ವಜನಿಕ ಬೋರ್‌ಗಳ ಪರೀಕ್ಷಾ ವರದಿಯನ್ನು ಫೈಲಿನಲ್ಲಿ ಇಡದೆ ಆ ಬೋರಿನ ಪಕ್ಕದಲ್ಲೇ ದೊಡ್ಡದಾಗಿ ಬರೆಸಿ. ಅದೇ ಓಣಿಯ ಖಾಸಗಿ ಬೋರಿನವರಿಗೂ ಏನನ್ನು ಪರೀಕ್ಷೆ ಮಾಡಿಸಬೇಕು ಅಂತ ಗೊತ್ತಾಗುತ್ತದೆ.

ಒಬ್ಬ ಓದುಗ
ಸೇಡಂ ರಸ್ತೆ, ಕಲಬುರಗಿ