ಕಾಲೇಜಿನ ಸ್ಟೋರ್ ರೂಮಿನ ಬಾಗಿಲು ಮೊದಲು ತೆರೆಯಲಿ

ಮಾನ್ಯ ಸಂಪಾದಕರೇ,

ನಾನು ಕಾಲೇಜಿನಲ್ಲಿ ರಸಾಯನ ವಿಜ್ಞಾನ ಕಲಿಸುತ್ತೇನೆ. ಸರ್ಕ್ಯುಲರ್ ಎಕಾನಮಿ ಈಗ ನಮ್ಮ ಪಾಠಗಳಲ್ಲಿ ಒಂದು. ವಸ್ತುವನ್ನು ಬಳಸಿ ಬಿಸಾಡುವ ಬದಲು ರಿಪೇರಿ ಮಾಡುವುದು, ಇನ್ನೊಬ್ಬರ ಕೈಗೆ ದಾಟಿಸುವುದು, ಕೊನೆಗೆ ಅದರೊಳಗಿನ ಲೋಹವನ್ನೂ ಮರಳಿ ಪಡೆಯುವುದು. ಮಕ್ಕಳು ಪರೀಕ್ಷೆಯಲ್ಲಿ ಇದನ್ನೆಲ್ಲ ಚೆನ್ನಾಗಿ ಬರೆಯುತ್ತಾರೆ. ಕಾಲೇಜುಗಳು ಮಾತ್ರ ಇದನ್ನು ಇನ್ನೂ ಕಲಿತಿಲ್ಲ.

2020ರಲ್ಲಿ ಕೋವಿಡ್‌ನಿಂದ ತರಗತಿಗಳು ಮುಚ್ಚಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ವರದಿಯನ್ನು ಪೂರ್ತಿ ಫೋನಿನಲ್ಲೇ ಟೈಪ್ ಮಾಡಿ ಕಳಿಸಿದಳು. ಕೋಷ್ಟಕಗಳೆಲ್ಲ ಅಡ್ಡಾದಿಡ್ಡಿಯಾಗಿದ್ದವು. ಅದೇ ಹೊತ್ತಿಗೆ ನಮ್ಮ ಸ್ಟೋರ್ ರೂಮಿನಲ್ಲಿ ಹನ್ನೊಂದು ಕಂಪ್ಯೂಟರು ಧೂಳು ಹಿಡಿದು ಕೂತಿದ್ದವು. ಆಮೇಲೆ ಒಂದೊಂದನ್ನೇ ಬಿಚ್ಚಿ ನೋಡಿದೆವು. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದ್ದಕ್ಕೆ ಎಂಟು ಸರಿಯಾಗಿ ಓಡಿದವು. ಅಷ್ಟೇ ಕೆಲಸ. ಮೊದಲೇ ಯಾಕೆ ಮಾಡಲಿಲ್ಲ ಎಂದು ಇವತ್ತಿಗೂ ಬೇಜಾರಾಗುತ್ತದೆ.

ಯಾಕೆಂದರೆ ಭಯ. ರಿಜಿಸ್ಟರ್‌ನಲ್ಲಿ ಹೆಸರಿರುವ ವಸ್ತುವನ್ನು ಮುಟ್ಟಿದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡುವುದು? ಸುಮ್ನೆ ಬೀಗ ಹಾಕಿಟ್ಟರೆ ಯಾರೂ ಕೇಳುವುದಿಲ್ಲ. ಕೊನೆಗೆ ಎಲ್ಲವೂ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ನಿಂತಿತು. ಚೆನ್ನಾಗಿಯೇ ಇರುವ ಎಷ್ಟೋ ಯಂತ್ರಗಳಲ್ಲಿ ವಿಂಡೋಸ್ 11 ಕೂರುವುದಿಲ್ಲ. ಅವೆಲ್ಲ ಈಗ ಇದೇ ದಾರಿ ಹಿಡಿಯಬೇಕಾ?

ಸಾಂಕ್ರಾಮಿಕ, ಯುದ್ಧ, ಬೆಲೆ ಏರಿಕೆ ಎಂದು ಒಂದರ ಹಿಂದೊಂದು ಬರುತ್ತಲೇ ಇವೆ. ಪ್ರತಿ ಸಲವೂ ಮೊದಲು ಕತ್ತರಿ ಬೀಳುವುದು ಲ್ಯಾಬಿನ ಖರ್ಚಿಗೆ. ಹೀಲಿಯಂ ನೋಡಿ. ಅಣುಗಳ ರಚನೆ ತಿಳಿಯಲು ಬಳಸುವ ಎನ್‌ಎಂಆರ್ ಯಂತ್ರದ ಕಾಂತವನ್ನು ತಣ್ಣಗಿಡಲು ಅದು ದ್ರವ ರೂಪದಲ್ಲಿ ಬೇಕು. ಗಾಳಿಗೆ ಬಿಟ್ಟರೆ ಮತ್ತೆ ಕೈಗೆ ಸಿಗುವುದಿಲ್ಲ. 2022ರ ಕೊರತೆಯಲ್ಲಿ ಅದನ್ನು ನಂಬಿಕೊಂಡ ಲ್ಯಾಬುಗಳು ಪರದಾಡಿದವು. ಆವಿಯಾದ ಹೀಲಿಯಂ ಹಿಡಿದು ಮತ್ತೆ ದ್ರವ ಮಾಡುವ ವ್ಯವಸ್ಥೆ ಇದ್ದವರಿಗೆ ಅಷ್ಟು ಕಷ್ಟವಾಗಲಿಲ್ಲ. ಸಣ್ಣ ಕಾಲೇಜಿಗೆ ಅದು ದುಬಾರಿ, ನಿಜ. ಆದರೆ ಗಾಜಿನ ಸಾಮಾನು ತೊಳೆದ ಅಸಿಟೋನ್ ಇದೆಯಲ್ಲ, ಅದನ್ನು ಬಟ್ಟಿ ಇಳಿಸಿ ಮತ್ತೆ ತೊಳೆಯಲು ಬಳಸಬಹುದು. ಬಟ್ಟಿ ಇಳಿಸುವುದು ಹೇಗಿದ್ದರೂ ಮಕ್ಕಳು ಕಲಿಯಬೇಕಾದ ಪ್ರಯೋಗವೇ ಅಲ್ವಾ?

ನನ್ನ ಬೇಡಿಕೆ ದೊಡ್ಡದೇನಲ್ಲ. ಕೆಟ್ಟ ಉಪಕರಣ ರಿಪೇರಿ ಮಾಡಿದ ವಿದ್ಯಾರ್ಥಿಗೆ ಪ್ರಾಜೆಕ್ಟ್‌ನಷ್ಟೇ ಕ್ರೆಡಿಟ್ ಕೊಡಿ. ಹಾಗೆ ರಿಪೇರಿಯಾದ ಕಂಪ್ಯೂಟರನ್ನು ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಎರವಲು ಕೊಡಲು ಲಿಖಿತ ನಿಯಮ ಮಾಡಿ, ಸಿಬ್ಬಂದಿಯ ಭಯ ತಪ್ಪುತ್ತದೆ. ಹೊಸದು ಕೊಳ್ಳುವಾಗ ಬೆಲೆಯ ಜೊತೆಗೆ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದೂ ಕೇಳಿ. ಮುಂದಿನ ಖರೀದಿ ಪಟ್ಟಿಗೆ ಸಹಿ ಹಾಕುವ ಮೊದಲು ಪ್ರಾಂಶುಪಾಲರು ಒಮ್ಮೆ ತಮ್ಮ ಸ್ಟೋರ್ ರೂಮಿಗೆ ಹೋಗಿ ಬರಲಿ. ಜೊತೆಗೆ ಇಬ್ಬರು ವಿದ್ಯಾರ್ಥಿಗಳೂ ಒಂದು ಸ್ಕ್ರೂಡ್ರೈವರೂ ಇರಲಿ.

– ಒಬ್ಬ ರಸಾಯನ ವಿಜ್ಞಾನ ಉಪನ್ಯಾಸಕಿ