ಹೃದಯದ ಆಪರೇಷನ್: ಕಿಡ್ನಿ ಬಗ್ಗೆಯೂ ಕೇಳಿ

ಸಂಪಾದಕರೇ,

ಬೈಪಾಸ್ ಅಂದ್ರೆ ನಮ್ಮ ಕಡೆ ಎಲ್ಲರೂ ಹೃದಯದ ಬಗ್ಗೆ ಮಾತ್ರ ಕೇಳುತ್ತಾರೆ. ಆದರೆ ಈ ಆಪರೇಷನ್ ಆದ ಮೇಲೆ ಕಿಡ್ನಿಗೆ ಪೆಟ್ಟು ಬೀಳುವುದು ಅಪರೂಪವೇನಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ.

ನಮ್ಮ ಮಾವನವರಿಗೆ ಬೈಪಾಸ್ ಆದಾಗ ಐಸಿಯು ನರ್ಸ್ ಗಂಟೆಗೊಮ್ಮೆ ಬಗ್ಗಿ, ಮೂತ್ರದ ಚೀಲದ ಗೆರೆ ನೋಡಿ ಬರೆದುಕೊಳ್ಳುತ್ತಿದ್ದರು. ಅದು ಸುಮ್ನೆ ಅಲ್ಲ, ಮೂತ್ರ ಕಡಿಮೆಯಾದರೆ ಕಿಡ್ನಿಗೆ ತೊಂದರೆ ಎಂಬ ಸುಳಿವು. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು ತಡವಾಗಿ, ಅಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ.

ಆಪರೇಷನ್ ಒತ್ತಡಕ್ಕೆ ಸಿಂಪಥೆಟಿಕ್ ನರಗಳು (ಗಾಬರಿ, ಒತ್ತಡದಲ್ಲಿ ದೇಹವನ್ನು ಎಚ್ಚರಿಸುವ ನರಗಳು) ಕೆರಳಿ ಕಿಡ್ನಿಯ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಕುತ್ತಿಗೆಯಲ್ಲಿ ಸ್ಟೆಲ್ಲೇಟ್ ಗ್ಯಾಂಗ್ಲಿಯಾನ್ ಎಂಬ, ಇದೇ ನರಗಳ ಗಂಟಿದೆ. ಅಲ್ಟ್ರಾಸೌಂಡ್ ನೋಡಿಕೊಂಡು ಅದರ ಹತ್ತಿರ ಮರಗಟ್ಟಿಸುವ ಮದ್ದು ಕೊಟ್ಟರೆ ಕಿಡ್ನಿ ಉಳಿಸಿಕೊಳ್ಳಬಹುದೇ ಎಂದು ವೈದ್ಯರು ಪರೀಕ್ಷಿಸುತ್ತಿದ್ದಾರೆ. ಮದ್ದು ಕೊಟ್ಟ ಕಡೆಯ ರೆಪ್ಪೆ ಸ್ವಲ್ಪ ಹೊತ್ತು ಜೋತುಬೀಳಬಹುದು, ದನಿ ಗೊಗ್ಗರಾಗಬಹುದು. ಇದಿನ್ನೂ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ. ಎದೆ, ಬೆನ್ನಿಗೆ ಕೊಡುವ ಬ್ಲಾಕ್ (ನರದ ಹತ್ತಿರ ಮರಗಟ್ಟಿಸುವ ಚುಚ್ಚುಮದ್ದು) ಮಾತ್ರ ನೋವಿಗೆ ಈಗಲೇ ಬಳಕೆಯಲ್ಲಿದೆ. ನೋವು ಕಡಿಮೆಯಾದರೆ ಡೈಕ್ಲೋಫಿನಾಕ್‌ನಂಥ, ಕಿಡ್ನಿಗೆ ಭಾರವಾಗುವ ಔಷಧಿಯ ಅಗತ್ಯವೂ ಕಡಿಮೆ ಅಲ್ವಾ?

ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರ್ ನೋಡಲು ಬಂದಾಗ ಕ್ರಿಯಾಟಿನಿನ್ ಎಷ್ಟಿದೆ, ಬ್ಲಾಕ್ ಕೊಡುತ್ತೀರಾ ಎಂದು ಧೈರ್ಯವಾಗಿ ಕೇಳಿ, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಗುಳಿಗೆಗಳ ಬಗ್ಗೆಯೂ ಮುಚ್ಚಿಡದೆ ಹೇಳಿ. ರಕ್ತ ತೆಳು ಮಾಡುವ ಗುಳಿಗೆ ನಡೆದಿದ್ದರೆ ಅದನ್ನಂತೂ ಹೇಳಲೇಬೇಕು.

ಹುಬ್ಬಳ್ಳಿ-ಧಾರವಾಡದ ಅರಿವಳಿಕೆ ತಜ್ಞರಿಂದ ಈ ಬಗ್ಗೆ ದಯವಿಟ್ಟು ಒಂದು ಲೇಖನ ಬರೆಸಿ. ಗದಗ, ಹಾವೇರಿಯಿಂದ ಆಪರೇಷನ್‌ಗೆಂದು ಇಲ್ಲಿಗೆ ಬರುವ ಮನೆಯವರಿಗೂ ಉಪಯೋಗವಾಗುತ್ತದೆ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ