ಬಿಗ್ ಬೆಂಡ್ ಬರಡು ನೆಲವಲ್ಲ

ಸಂಪಾದಕರೇ,

ಕಳೆದ ಭಾನುವಾರದ ಪ್ರವಾಸ ಲೇಖನ ಓದಿ ಸ್ವಲ್ಪ ಸಿಟ್ಟೇ ಬಂತು. ಅಮೆರಿಕದ ಟೆಕ್ಸಾಸ್‌ನಲ್ಲಿರುವ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಬಂಡೆ, ಧೂಳು ಬಿಟ್ಟರೆ ಏನೂ ಇಲ್ಲವೆಂದು ಎರಡೇ ಸಾಲಿನಲ್ಲಿ ಮುಗಿಸಿದ್ದಾರೆ. ಬಹುಶಃ ಕಾರಿನ ಕಿಟಕಿಯಿಂದಲೇ ನೋಡಿರಬೇಕು.

ಮಗಳ ಮನೆಗೆ ಹೋಗಿದ್ದಾಗ ಆಗಸ್ಟ್‌ನಲ್ಲಿ ನಾನೂ ಅಲ್ಲಿ ನಾಲ್ಕು ದಿನ ಇದ್ದೆ. ಸುಳ್ಳು ಯಾಕೆ, ಮೊದಲ ದಿನ ನನಗೂ ಹಾಗೇ ಅನಿಸಿತ್ತು. ರಸ್ತೆ ಬದಿಯಲ್ಲಿ ಒಕೊಟಿಯೊ ಅನ್ನೋ ಗಿಡ. ಗಿಡ ಅಂದ್ರೆ ಏನು, ಮುಳ್ಳಿನ ಕೋಲುಗಳ ಒಂದು ಕಟ್ಟನ್ನು ಯಾರೋ ನೆಲಕ್ಕೆ ಚುಚ್ಚಿ ಹೋದ ಹಾಗೆ. ಹುಡುಕಿದರೂ ಒಂದು ಎಲೆ ಇಲ್ಲ. ‘ಇದು ಸತ್ತಿದೆ ಕಣೇ’ ಅಂದೆ. ಅವತ್ತು ರಾತ್ರಿ ಜೋರು ಮಳೆ. ಬೆಳಿಗ್ಗೆ ಬಯಲಿಗೆ ಬಯಲೇ ಕ್ರಿಯೋಸೋಟ್ ಪೊದೆಯ ಘಾಟು ವಾಸನೆ. ಹೊರಡುವ ದಿನ ಅದೇ ಒಕೊಟಿಯೊ ಹತ್ತಿರ ಕಾರು ನಿಲ್ಲಿಸಿದೆವು. ಒಂದೊಂದು ಮುಳ್ಳಿನ ಬುಡದಲ್ಲೂ ಹೆಸರುಕಾಳಿನಷ್ಟು ಎಲೆಗಳು, ಕೋಲಿನ ಉದ್ದಕ್ಕೂ. ಮಳೆ ಬಂದರೆ ಚಿಗುರುತ್ತದೆ, ನೆಲ ಒಣಗಿದರೆ ಎಲೆ ಉದುರಿಸಿ ಸುಮ್ನೆ ಕಾಯುತ್ತದೆ. ಮತ್ತೆ ಮಳೆ ಬಂದರೆ ಮತ್ತೆ ಚಿಗುರು.

ಆ ಉದ್ಯಾನ ಒಂದೇ ತರಹದ್ದೂ ಅಲ್ಲ. ಮೆಕ್ಸಿಕೊ ಗಡಿಯಲ್ಲಿ ಹರಿಯುವ ರಿಯೊ ಗ್ರಾಂಡೆ ನದಿಯ ದಡ ಸುಮಾರು 1,800 ಅಡಿ ಎತ್ತರದಲ್ಲಿದ್ದರೆ, ಚೀಸೋಸ್ ಬೆಟ್ಟಗಳ ಎಮರಿ ಶಿಖರ 7,800 ಅಡಿ ದಾಟುತ್ತದೆ. ಕೆಳಗೆ ಕಳ್ಳಿ, ಮೇಲೆ ಓಕ್, ಪೈನ್ ಮರಗಳ ನೆರಳು. 450ಕ್ಕಿಂತ ಜಾಸ್ತಿ ಜಾತಿಯ ಹಕ್ಕಿ ಅಲ್ಲಿ ಕಂಡಿವೆ.

ಕರಡಿಗಳ ಕಥೆಯಂತೂ ಲೇಖನದಲ್ಲಿ ಬರಲೇಬೇಕಿತ್ತು. 1944ರಲ್ಲಿ ಉದ್ಯಾನ ಆಗುವ ಹೊತ್ತಿಗೆ ಅಲ್ಲಿನ ಕಪ್ಪು ಕರಡಿಗಳು ಬೇಟೆಗೆ ಸಿಕ್ಕಿ ಇಲ್ಲವಾಗಿದ್ದವು. 1980ರ ದಶಕದ ಕೊನೆಗೆ ಅವು ತಾವಾಗಿಯೇ ಮೆಕ್ಸಿಕೊದ ಬೆಟ್ಟಗಳಿಂದ ನದಿ, ಮರುಭೂಮಿ ದಾಟಿ ವಾಪಸ್ ಬಂದವು. ಯಾರೂ ತಂದು ಬಿಟ್ಟಿದ್ದಲ್ಲ. ಈಗ ಬೆಟ್ಟದ ಮೇಲೆ ಟೆಂಟ್ ಹಾಕುವವರು ವಾಸನೆ ಇರುವುದನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಭದ್ರ ಮಾಡಬೇಕು. ಊಟ ಸರಿ, ಟೂತ್‌ಪೇಸ್ಟ್ ಕೂಡ! ನನ್ನ ಕೊಬ್ಬರಿ ಎಣ್ಣೆ ಬಾಟಲಿಯನ್ನೂ ಮಗಳು ಕಿತ್ತುಕೊಂಡು ಅದರೊಳಗೆ ಹಾಕಿದಳು. ಕರಡಿ ಕಾಣಲಿಲ್ಲ, ಹಸಿ ಲದ್ದಿ ಮಾತ್ರ ಕಂಡಿತು. ನನಗೆ ಅಷ್ಟೇ ಸಾಕಿತ್ತು.

ಇನ್ನೊಂದು ವಿಷಯ. 2024ರ ಮಾರ್ಚ್‌ನಲ್ಲಿ ಅಲ್ಲಿನ ಒಬ್ಬ ಸ್ವಯಂಸೇವಕರಿಗೆ ಕಲ್ಲುಗಳ ನಡುವೆ ಬಿಳಿ ಉಣ್ಣೆ ಮೆತ್ತಿದಂಥ ಪುಟ್ಟ ಗಿಡವೊಂದು ಕಂಡಿತು. ಸೂರ್ಯಕಾಂತಿಯ ಬಳಗದ್ದು. ವಿಜ್ಞಾನಕ್ಕೆ ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ (ಹತ್ತಿರದ ಜಾತಿಗಳನ್ನು ಸೇರಿಸುವ ಗುಂಪು, ಜೀನಸ್) ಅಂತ ಮುಂದಿನ ವರ್ಷ ಪ್ರಕಟವಾಯಿತು. ಒವಿಕ್ಯುಲಾ ಬೈರೇಡಿಯಾಟಾ ಎಂದು ಹೆಸರಿಟ್ಟರು. 80 ವರ್ಷದಿಂದ ಜನ ಓಡಾಡುತ್ತಿದ್ದ ಉದ್ಯಾನದಲ್ಲಿ ಹೀಗೆ. ಅದನ್ನು ನೋಡಬೇಕಾದರೆ ಮಂಡಿ ಊರಿ ಕೂರಬೇಕಂತೆ. ಮಂಡಿ ನೋವಿರುವ ನನಗೆ ಅದು ಕಷ್ಟ. ನಿಮ್ಮ ಲೇಖಕರಿಗೆ ವಯಸ್ಸಿದೆ ಅಲ್ವಾ, ಇನ್ನೊಮ್ಮೆ ಕಳಿಸಿ.

– ನಿವೃತ್ತ ವಿಜ್ಞಾನ ಶಿಕ್ಷಕಿ